ಪ್ರತಿಕಾಯದ ಚರಿತ್ರೆ: ಕೃತ, ಕಾರಿತ, ಅನುಮೋದನೆ

ಹಿಂಸೆಯನ್ನು ಕೊಲ್ಲುವ ಕೈಯಲ್ಲಿ ಮಾತ್ರ ಕಾಣುವುದು ಜೈನಾಚಾರ್ಯರ ಕ್ರಮವಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕರ್ಮಾಸ್ರವಕ್ಕೆ ಆಧಾರವಾಗುವ ಜೀವಭಾವಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭವೆಂಬ ಮೂರು ಹಂತಗಳನ್ನೂ, ಮನ, ವಚನ, ಕಾಯವೆಂಬ ಮೂರು ಯೋಗಗಳನ್ನೂ, ಕೃತ, ಕಾರಿತ, ಅನುಮತವೆಂಬ ಮೂರು ಬಗೆಗಳನ್ನೂ, ಕ್ರೋಧಾದಿ ನಾಲ್ಕು ಕಷಾಯಗಳನ್ನೂ ಹೇಳುತ್ತದೆ. ಇವುಗಳ ಗುಣಾಕಾರದಿಂದ 108 ಭೇದಗಳು ಏರ್ಪಡುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವ ರೂಢಿಯೂ ಉಂಟು. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪಿಕೊಳ್ಳುವುದು: ಈ ಮೂರರಲ್ಲಿ ಮೊದಲನೆಯದನ್ನು ಶ್ರಾವಕನು ಸುಲಭವಾಗಿ ಗುರುತಿಸುತ್ತಾನೆ. ಎರಡನೆಯದನ್ನು ಯೋಚಿಸಿ ಗುರುತಿಸುತ್ತಾನೆ. ಮೂರನೆಯದು ಮಾತ್ರ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಈ ಮೂರನೆಯ ಬಗೆಯನ್ನು ಇಂದಿನ ಬದುಕಿನಲ್ಲಿ ಪರೀಕ್ಷಿಸಿ ನೋಡಲು ಪ್ರತಿಕಾಯದ ಚರಿತ್ರೆಗಿಂತ ತಕ್ಕ ವಿಷಯ ಬೇರೊಂದು ದೊರೆಯುವುದು ಕಷ್ಟ. ಪ್ರತಿಕಾಯವೆಂದರೆ ಶರೀರವು ತನಗೆ ಪರಕೀಯವಾದ ವಸ್ತುವನ್ನು ಹಿಡಿಯಲು ರಕ್ತದಲ್ಲಿ ನಿರ್ಮಿಸಿಕೊಳ್ಳುವ ಪ್ರೋಟೀನು. ಒಂದು ಬೀಗಕ್ಕೆ ಒಂದೇ ಕೀಲಿ ಹೊಂದುವಂತೆ ಒಂದು ಪ್ರತಿಕಾಯವು ಒಂದು ವಸ್ತುವಿನ ಒಂದು ಭಾಗವನ್ನು ಮಾತ್ರ ಹಿಡಿಯಬೇಕೆಂಬುದು ನಿರೀಕ್ಷೆ. ಈ ಗುಣದಿಂದಲೇ ಅದು ವೈದ್ಯರಿಗೆ ಔಷಧವಾಯಿತು, ವಿಜ್ಞಾನಿಗಳಿಗೆ ಉಪಕರಣವಾಯಿತು, ವ್ಯಾಪಾರಿಗಳಿಗೆ ಪರೀಕ್ಷೆಯ ಸಾಧನವಾಯಿತು. ಆದರೆ ಸುಮಾರು ಒಂದು ಶತಮಾನದವರೆಗೆ ಅದನ್ನು ಪಡೆಯುವ ಮಾರ್ಗ ಒಂದೇ ಆಗಿತ್ತು. ಒಂದು ಪಂಚೇಂದ್ರಿಯ ಜೀವಿಯ ದೇಹಕ್ಕೆ ಪರಕೀಯ ವಸ್ತುವನ್ನು ಚುಚ್ಚುವುದು, ಅದರ ರಕ್ತವನ್ನು ತೆಗೆಯುವುದು.

ಬ್ಯಾಡಗಿಯ ಪೇಟೆಯಲ್ಲಿ

ಈ ವಿಷಯವು ದೂರದ ಪ್ರಯೋಗಶಾಲೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಒಣಮೆಣಸಿನಕಾಯಿಯೊಂದಿಗೆ ಬೆಸೆದುಕೊಂಡಿದೆ. ಕಡ್ಡಿ ಮತ್ತು ಡಬ್ಬಿ ಎಂಬ ಬಗೆಗಳ ಸುಕ್ಕುಗಟ್ಟಿದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಿಂದ ತೆಗೆದ ಬಣ್ಣದ ಸತ್ತ್ವವು ಆಹಾರಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಸೇರಿ ಅನೇಕ ದೇಶಗಳಿಗೆ ಹೋಗುತ್ತದೆ.

ಕಾಯಿ ಒಣಗುವಾಗ ತೇವ ಉಳಿದರೆ ಅಥವಾ ದಾಸ್ತಾನಿನಲ್ಲಿ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯನ್ನು ಪರೀಕ್ಷಿಸಿದಾಗ ಈ ವಿಷ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತದ ಪಂಚಮಹಲ್ ಪ್ರದೇಶಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಮಡಿದರು. ಈ ವಿಷವು ದೀರ್ಘಕಾಲದಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದು ಸಿದ್ಧವಾದ ಸಂಗತಿ. ಆದುದರಿಂದ ಯುರೋಪ್ ಒಕ್ಕೂಟವು ಮೆಣಸಿನಕಾಯಿಯಲ್ಲಿ ಬಿ-1 ಎಂಬ ಪ್ರಧಾನ ಅಫ್ಲಾಟಾಕ್ಸಿನ್ ಕಿಲೋಗ್ರಾಂ ಒಂದಕ್ಕೆ 5 ಮೈಕ್ರೋಗ್ರಾಂ ಮೀರಕೂಡದೆಂದೂ, ಎಲ್ಲ ಬಗೆಯವೂ ಸೇರಿ 10 ಮೈಕ್ರೋಗ್ರಾಂ ಮೀರಕೂಡದೆಂದೂ ಮಿತಿ ಹಾಕಿದೆ. ಐದು ಮೈಕ್ರೋಗ್ರಾಮೆಂದರೆ ಇಪ್ಪತ್ತು ಕೋಟಿಯಲ್ಲಿ ಒಂದು ಪಾಲು.

ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ರೂಢಿಯ ವಿಧಾನದಲ್ಲಿ ಬೆರಳಿನಷ್ಟು ಗಾತ್ರದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗಿನ ಮೃದುವಾದ ಕಣಗಳಿಗೆ ಅಫ್ಲಾಟಾಕ್ಸಿನನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಮೆಣಸಿನಕಾಯಿಯ ಸಾರವನ್ನು ಅದರ ಮೂಲಕ ಹಾಯಿಸಿದಾಗ ಬಣ್ಣ, ಎಣ್ಣೆ, ಖಾರಗಳೆಲ್ಲ ಹರಿದು ಹೋಗಿ ವಿಷ ಮಾತ್ರ ನಿಲ್ಲುತ್ತದೆ. ಅದನ್ನು ಮೆಥನಾಲಿನಿಂದ ತೊಳೆದು ತೆಗೆದು ಯಂತ್ರದಲ್ಲಿ ಅಳೆಯುತ್ತಾರೆ. ಒಂದು ಸಲ ಬಳಸಿದ ಕೊಳವೆಯನ್ನು ಸಾಮಾನ್ಯವಾಗಿ ಎಸೆದುಬಿಡುತ್ತಾರೆ.

ಅಫ್ಲಾಟಾಕ್ಸಿನ್ ಬಹಳ ಚಿಕ್ಕ ಅಣು. ಅದನ್ನು ಹಾಗೆಯೇ ಚುಚ್ಚಿದರೆ ಶರೀರವು ಪ್ರತಿಕಾಯವನ್ನು ಕಟ್ಟುವುದಿಲ್ಲ. ಅದನ್ನು ದನದ ರಕ್ತದ ಆಲ್ಬುಮಿನ್ ಮುಂತಾದ ದೊಡ್ಡ ಪ್ರೋಟೀನಿಗೆ ಜೋಡಿಸಿ ಇಲಿಗೋ ಮೊಲಕ್ಕೋ ಚುಚ್ಚಬೇಕು. ಹೀಗೆ ಸಸ್ಯಜನ್ಯವಾದ, ಶುದ್ಧ ಶಾಕಾಹಾರವಾದ ಒಂದು ಕಾಯಿಯ ಶುದ್ಧತೆಯನ್ನು ಸಾರುವ ಪ್ರಮಾಣಪತ್ರದ ಹಿಂದೆ ವಧಾಗಾರದ ದನವೂ ಪ್ರಯೋಗಶಾಲೆಯ ಇಲಿಯೂ ನಿಂತಿರುವುದುಂಟು. ರಫ್ತಿನ ಚೀಲಕ್ಕೆ ಮುದ್ರೆ ಬೀಳುವಾಗ ಯಾರೂ ಪ್ರಾಣಿಯನ್ನು ಕೊಂದಿರುವುದಿಲ್ಲ, ಕೊಲ್ಲಿರೆಂದು ಹೇಳಿರುವುದೂ ಇಲ್ಲ. ಆದರೂ ಅಲ್ಲೊಂದು ಅನುಮೋದನೆ ನಡೆದಿರುತ್ತದೆ.

ಕನ್ನಡ ನಾಡಿನ ಜೈನ ವೈದ್ಯ

ಔಷಧಕ್ಕಾಗಿ ಪ್ರಾಣಿಹಿಂಸೆ ಅನಿವಾರ್ಯವೇ ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಬ್ಯಾಡಗಿಗೆ ಬಹಳ ದೂರವಲ್ಲದ ಬಂಕಾಪುರದಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣವು ಒಂಬತ್ತನೆಯ ಶತಮಾನದ ಕೊನೆಗೆ ಪೂಜೆಗೊಂಡಿತು. ಅದೇ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಅದಕ್ಕೆ ಸೇರಿದ ಹಿತಾಹಿತವೆಂಬ ಪ್ರಕರಣದಲ್ಲಿ, ಮಾಂಸವು ಔಷಧವಾಗಿಯೂ ಅವಶ್ಯವಲ್ಲವೆಂದು ವಾದಿಸಿದ್ದಾರೆ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ವೈದ್ಯವಿದ್ವಾಂಸರ ಮುಂದೆ ಈ ವಾದ ನಡೆಯಿತೆಂಬುದು ಗ್ರಂಥದಿಂದಲೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದರ ಚಿಕಿತ್ಸಾಕ್ರಮದಲ್ಲಿಯೂ ಮದ್ಯಮಾಂಸಗಳಿಗೆ ಎಡೆಯಿಲ್ಲ. ಸುಮಾರು 1125ರಲ್ಲಿ ಚಾಳುಕ್ಯ ರಾಜಮನೆತನದ ಜೈನಕವಿ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಸುಮಾರು 1360ರಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ರಚಿಸಿದನು.

ಈ ಪರಂಪರೆಯನ್ನು ನೆನೆಯುವಾಗ ಒಂದು ಎಚ್ಚರ ಅಗತ್ಯ. ಇಂದಿನ ಜೀವವಿಜ್ಞಾನವೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾರುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಹೊಲದಲ್ಲಿ ಹಾವು ಕಚ್ಚಿದ ರೈತನನ್ನು ಇಂದು ಉಳಿಸುವುದು ಆಸ್ಪತ್ರೆಯ ಪ್ರತಿವಿಷವೇ ಹೊರತು ಹಳೆಯ ಗ್ರಂಥದ ಬೇರಲ್ಲ. ಉಗ್ರಾದಿತ್ಯರಿಂದ ಕಲಿಯಬೇಕಾದುದು ಮದ್ದಿನ ಪಟ್ಟಿಯನ್ನಲ್ಲ, ಅವರು ಕೇಳಿದ ಪ್ರಶ್ನೆಯನ್ನು. ಇದೇ ಪ್ರಯೋಜನವನ್ನು ಕಡಿಮೆ ಹಿಂಸೆಯಿಂದ ಪಡೆಯಲು ಬರುವುದೇ, ಬರುವುದಾದರೆ ಹೆಚ್ಚಿನ ಹಿಂಸೆಯನ್ನು ಆರಿಸುವುದಕ್ಕೆ ಸಮರ್ಥನೆ ಏನು, ಎಂಬುದೇ ಆ ಪ್ರಶ್ನೆ.

ಕುದುರೆ, ಎತ್ತು, ಮೊಲ

1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಶಿಬಸಬುರೊ ಕಿಟಸಾಟೊ ಒಂದು ಸಂಗತಿಯನ್ನು ತೋರಿಸಿದರು. ಧನುರ್ವಾಯುವಿನ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದ್ರವವನ್ನು ಬೇರೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ದೊರೆಯುತ್ತದೆ. ಗಳಚರ್ಮರೋಗವೆಂದು ಹೆಸರಾದ ಡಿಫ್ತೀರಿಯಾಕ್ಕೂ ಇದೇ ತತ್ತ್ವ ಅನ್ವಯಿಸಿತು. ಸಾವಿರಾರು ಮಕ್ಕಳನ್ನು ಉಸಿರುಕಟ್ಟಿಸಿ ಕೊಲ್ಲುತ್ತಿದ್ದ ಆ ರೋಗಕ್ಕೆ ಕುದುರೆಯ ರಕ್ತದ್ರವ ಮೊದಲ ಮದ್ದಾಯಿತು. 1901ರಲ್ಲಿ ವೈದ್ಯಶಾಸ್ತ್ರದ ಪ್ರಥಮ ನೊಬೆಲ್ ಪಾರಿತೋಷಕ ಬೇರಿಂಗ್‌ಗೆ ಸಂದಿತು. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಿಮ್ ಎಂಬ ಕುದುರೆಯ ರಕ್ತದಲ್ಲಿ ಧನುರ್ವಾಯುವಿನ ಸೋಂಕು ಇದ್ದುದನ್ನು ಗಮನಿಸದೆ ಔಷಧವನ್ನು ಹಂಚಿದ್ದರಿಂದ 13 ಮಕ್ಕಳು ಸತ್ತರು. ಪರಿಣಾಮವಾಗಿ ಮರುವರ್ಷ ಆ ದೇಶದಲ್ಲಿ ಜೈವಿಕ ಔಷಧಗಳ ನಿಯಂತ್ರಣದ ಕಾನೂನು ಬಂದಿತು. ಆ ಕಾನೂನು ಮಕ್ಕಳನ್ನು ಕುರಿತದ್ದಾಗಿತ್ತು. ಕುದುರೆಯ ಪರವಾಗಿ ಅದು ಏನನ್ನೂ ಹೇಳಲಿಲ್ಲ.

ಭಾರತದಲ್ಲಿ ಹಾವಿನ ವಿಷಕ್ಕೆ ಪ್ರತಿವಿಷವನ್ನು ತಯಾರಿಸುವ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಸೌಲಿಯಲ್ಲಿಯೂ, ಅನಂತರ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿಯೂ ನಡೆಯಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತ ಹೋಗಿ, ಅದರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸುವ ಈ ಕ್ರಮ ಇಂದಿಗೂ ಮುಂದುವರಿದಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರ ಸಂಖ್ಯೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಗಾಡಿನ ದುಡಿಯುವ ಜನ. ಪ್ರತಿವಿಷವನ್ನು ನಿರಾಕರಿಸುವ ಹಕ್ಕು ಇನ್ನೊಬ್ಬರ ಪ್ರಾಣದ ವಿಷಯದಲ್ಲಿ ಯಾರಿಗೂ ಇಲ್ಲ.

ಮುಂಬಯಿ ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳ ಒಕ್ಕಲಿಗರಿಗೆ ಹೆಚ್ಚು ಪರಿಚಿತವಾಗಿದ್ದುದು ದನಗಳ ದೊಡ್ಡರೋಗ. ಅದು ಬಂದರೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಬ್ರಿಟಿಷ್ ಸರ್ಕಾರವು 1889ರಲ್ಲಿ ಪುಣೆಯಲ್ಲಿ ಸ್ಥಾಪಿಸಿ ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದ ಪ್ರಯೋಗಶಾಲೆಯಲ್ಲಿ, ರೋಗವನ್ನು ಗೆದ್ದ ಎತ್ತುಗಳ ರಕ್ತದಿಂದ ಪ್ರತಿರೋಧಕ ರಕ್ತದ್ರವವನ್ನು ತೆಗೆದು ದೇಶಕ್ಕೆಲ್ಲ ಕಳುಹಿಸುತ್ತಿದ್ದರು. ಬೆಂಗಳೂರಿನ ಹೆಬ್ಬಾಳದಲ್ಲಿ 1920ರ ದಶಕದಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದು ಇದೇ ರೋಗವನ್ನು ಎದುರಿಸಲು. ಆಮೇಲೆ ಲಸಿಕೆಗಳು ಬಂದವು. 1995ರಲ್ಲಿ ಭಾರತದಲ್ಲಿ ಈ ರೋಗ ಕಡೆಯ ಬಾರಿ ಕಾಣಿಸಿಕೊಂಡಿತು. 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಎತ್ತಿನ ರಕ್ತದಿಂದ ಕೋಟ್ಯಂತರ ಎತ್ತುಗಳು ಉಳಿದವೆಂಬುದನ್ನು ಒಪ್ಪಲೇಬೇಕು. ಉಳಿದವುಗಳ ಲೆಕ್ಕ ಸಿಕ್ಕುತ್ತದೆ, ರಕ್ತ ಕೊಟ್ಟವುಗಳ ಲೆಕ್ಕವನ್ನು ಚರಿತ್ರೆ ಇಟ್ಟಿಲ್ಲ.

ಇಲ್ಲಿಯವರೆಗೆ ಪ್ರತಿಕಾಯವು ಜೀವರಕ್ಷಣೆಗಾಗಿ ಇತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಅಳೆಯುವ ಉಪಕರಣವಾಯಿತು. ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ ಅವರು 1950ರ ದಶಕದ ಕೊನೆಯಲ್ಲಿ ರಕ್ತದಲ್ಲಿನ ಇನ್ಸುಲಿನನ್ನು ಪ್ರತಿಕಾಯಗಳಿಂದ ಅಳೆಯುವ ವಿಧಾನವನ್ನು ಕಂಡುಹಿಡಿದರು. 1971ರಲ್ಲಿ ಎಲೈಸಾ ಪರೀಕ್ಷೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಸಂತಾನೋತ್ಪತ್ತಿಯ ಹಾರ್ಮೋನುಗಳಿಗೆ ಪ್ರತಿಕಾಯಗಳನ್ನು ಬೆಳೆಸಿ, ಅವುಗಳ ಮೂಲಕ ಆ ಹಾರ್ಮೋನುಗಳ ಕಾರ್ಯವನ್ನು ಅರಿಯುವ ಸಂಶೋಧನೆಯನ್ನು ದಶಕಗಳ ಕಾಲ ನಡೆಸಿ ಖ್ಯಾತರಾದರು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇಲಿಯ ಪ್ರತಿಕಾಯಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ಸ್ರವಿಸುವ ಕೋಶಸಂತತಿಯನ್ನು ಪಡೆದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಎರಡನೆಯ ಸಾಧನೆ ಹಿಂಸೆಯನ್ನು ಕಡಿಮೆ ಮಾಡಬಹುದಾಗಿತ್ತು. ಆದರೆ ಅನೇಕ ವರ್ಷ ಆ ಕೋಶಗಳನ್ನು ಗಾಜಿನ ಪಾತ್ರೆಗೆ ಬದಲಾಗಿ ಇಲಿಯ ಉದರದಲ್ಲಿಯೇ ಬೆಳೆಸಿದರು. ಹೊಟ್ಟೆ ನೀರಿನಿಂದ ಉಬ್ಬಿ ಇಲಿ ನರಳುತ್ತಿರುವಾಗ ಸೂಜಿಯಿಂದ ಆ ದ್ರವವನ್ನು ತೆಗೆಯುತ್ತಿದ್ದರು. ಯುರೋಪಿನ ಹಲವು ದೇಶಗಳು ಈ ಪದ್ಧತಿಯನ್ನು ಮುಂದೆ ನಿಷೇಧಿಸಿದವು ಅಥವಾ ತೀವ್ರವಾಗಿ ಮಿತಗೊಳಿಸಿದವು. ಗಾಜಿನ ಪಾತ್ರೆಯಲ್ಲಿ ಬೆಳೆಸುವಾಗಲೂ ವಧಾಗಾರದಲ್ಲಿ ಕೊಂದ ಗಬ್ಬದ ಹಸುವಿನ ಹುಟ್ಟದ ಕರುವಿನ ರಕ್ತದ್ರವವನ್ನು ಕೋಶಗಳಿಗೆ ಆಹಾರವಾಗಿ ಕೊಡುವುದು ರೂಢಿಯಾಯಿತು. ರಕ್ತದ್ರವವಿಲ್ಲದ ಪೋಷಕದ್ರವಗಳು ಬಂದ ಮೇಲೂ ಆ ರೂಢಿ ಪೂರ್ತಿ ಹೋಗಿಲ್ಲ.

ಒಂದು ಪ್ರೋಟೀನಿನ ಉದಾಹರಣೆ

ಸಂಶೋಧನೆಗೆಂದೇ ಮಾರುವ ಪ್ರತಿಕಾಯಗಳ ಸಂಖ್ಯೆ ಇಂದು ಲಕ್ಷಗಳಲ್ಲಿದೆ. ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ.

ಪ್ರತಿಯೊಂದು ಜೀವಕೋಶದಲ್ಲಿಯೂ ಕೆಲಸ ಮುಗಿದ ಅಥವಾ ಕೆಟ್ಟ ಪ್ರೋಟೀನುಗಳನ್ನು ಕತ್ತರಿಸಿಹಾಕುವ ಪೀಪಾಯಿಯಾಕಾರದ ಯಂತ್ರವೊಂದಿದೆ. ಅದಕ್ಕೆ ಪ್ರೋಟಿಯಸೋಮ್ ಎಂದು ಹೆಸರು. ಏಳೇಳು ಘಟಕಗಳ ನಾಲ್ಕು ಬಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಅದರ ರಚನೆ. ಸಾಮಾನ್ಯವಾಗಿ ಅದರ ಬಾಯಿ ಮುಚ್ಚಿರುತ್ತದೆ. ಆ ಬಾಯಿಗೆ ಮುಚ್ಚಳದಂತೆ ಕುಳಿತು ದಾರಿಯನ್ನು ತೆರೆಯುವ ಪ್ರೋಟೀನುಗಳಿಗೆ ಪ್ರೋಟಿಯಸೋಮ್ ಪ್ರಚೋದಕಗಳೆಂದು ಹೆಸರು. 1992ರಲ್ಲಿ ಅಮೆರಿಕದ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಇಂಥ ಒಂದು ಪ್ರಚೋದಕವನ್ನು ಬೇರ್ಪಡಿಸಿದವು. ಒಂದು ತಂಡ ಅದನ್ನು ಪಿಎ-28 ಎಂದು ಕರೆಯಿತು. ಅದಕ್ಕೆ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಸೋದರರೂಪಗಳಿವೆ. ಮೊದಲಿನ ಎರಡು ಸೇರಿ ಏಳು ಘಟಕಗಳ ಬಳೆಯಾಗಿ, ಸೋಂಕಿನ ಸಮಯದಲ್ಲಿ ರೋಗನಿರೋಧದ ಕಾರ್ಯಕ್ಕೆ ನೆರವಾಗುತ್ತವೆ. ಗಾಮಾ ರೂಪವು ಕೋಶಕೇಂದ್ರದಲ್ಲಿ ನೆಲೆಸಿರುತ್ತದೆ. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಕೆಲವು ಪ್ರೋಟೀನುಗಳ ವಿನಾಶದಲ್ಲಿ ಅದಕ್ಕೆ ಪಾತ್ರವಿರುವುದರಿಂದ ಕ್ಯಾನ್ಸರ್ ಸಂಶೋಧಕರಿಗೆ ಅದರಲ್ಲಿ ಆಸಕ್ತಿ.

ಈ ಪ್ರಚೋದಕವು ಒಂದು ಅಂಗಾಂಶದಲ್ಲಿ ಇದೆಯೇ, ಎಷ್ಟಿದೆ, ಎಲ್ಲಿದೆ ಎಂದು ತಿಳಿಯಬೇಕಾದ ಸಂಶೋಧಕನು ಅದನ್ನು ಹಿಡಿಯುವ ಪ್ರತಿಕಾಯವನ್ನು ಕೊಳ್ಳುತ್ತಾನೆ. ಬೆರಳತುದಿಯಷ್ಟು ಶೀಶೆ, ಅದರಲ್ಲಿ ಕೆಲವೇ ಹನಿ. ಮೊಲದಿಂದ ಪಡೆದದ್ದಾದರೆ ಅದರ ಹಿಂದಿನ ಕ್ರಮ ಹೀಗೆ: ಪ್ರೋಟೀನಿನ ತುಂಡನ್ನು ಉರಿಯೂತ ಬರಿಸುವ ಎಣ್ಣೆಯ ಮಿಶ್ರಣದೊಡನೆ ಕಲಸಿ ಮೊಲದ ಚರ್ಮದಡಿ ಚುಚ್ಚುತ್ತಾರೆ. ವಾರಗಳ ಅಂತರದಲ್ಲಿ ಅದನ್ನು ಪುನರಾವರ್ತಿಸುತ್ತಾರೆ. ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಪ್ರತಿಕಾಯ ಸಾಕಷ್ಟಾದಾಗ ರಕ್ತ ತೆಗೆಯುತ್ತಾರೆ. ಕೊನೆಗೆ ಅರಿವಳಿಕೆ ಕೊಟ್ಟು ಪೂರ್ತಿ ರಕ್ತವನ್ನು ಬಸಿದು ಮೊಲವನ್ನು ಮುಗಿಸುವುದು ಸಾಮಾನ್ಯ. ಶೀಶೆಯ ಮೇಲಿನ ಚೀಟಿಯಲ್ಲಿ ಇದೆಲ್ಲಕ್ಕೂ ಒಂದೇ ಪದವಿರುತ್ತದೆ: ಮೂಲ, ಮೊಲ.

ಈ ಪ್ರೋಟೀನಿನ ಚರಿತ್ರೆಯಲ್ಲಿಯೇ ವಿಚಾರಕ್ಕೆ ಎಡೆಗೊಡುವ ಒಂದು ಘಟನೆ ಅಡಗಿದೆ. ಗಾಮಾ ರೂಪವನ್ನು ಜಗತ್ತು ಮೊದಲು ಕಂಡದ್ದು ಪ್ರೋಟಿಯಸೋಮಿನ ಸಂಬಂಧದಲ್ಲಿ ಅಲ್ಲ. ಲೂಪಸ್ ಎಂಬ ರೋಗದಲ್ಲಿ ಮನುಷ್ಯನ ಶರೀರ ತನ್ನದೇ ಅಂಶಗಳನ್ನು ಪರಕೀಯವೆಂದು ಭ್ರಮಿಸಿ ಅವುಗಳ ವಿರುದ್ಧ ಪ್ರತಿಕಾಯಗಳನ್ನು ಕಟ್ಟುತ್ತದೆ. 1981ರಲ್ಲಿ ಜಪಾನಿನ ಸಂಶೋಧಕರು ಅಂಥ ರೋಗಿಗಳಲ್ಲಿ ಕೆಲವರ ರಕ್ತದಲ್ಲಿದ್ದ ಪ್ರತಿಕಾಯಗಳು ಕೋಶಕೇಂದ್ರದ ಒಂದು ಪ್ರೋಟೀನನ್ನು ಹಿಡಿಯುವುದನ್ನು ಗಮನಿಸಿ ಅದಕ್ಕೆ ಕಿ ಎಂದು ಹೆಸರಿಟ್ಟರು. ವರ್ಷಗಳ ಮೇಲೆ ಅದರ ರಚನೆಯನ್ನು ಪಿಎ-28ರ ರಚನೆಯೊಡನೆ ಹೋಲಿಸಿದಾಗ ಕಿ ಎಂಬುದು ಅದರ ಗಾಮಾ ರೂಪವೇ ಎಂದು ಗೊತ್ತಾಯಿತು. ಅಂದರೆ ಈ ಪ್ರೋಟೀನನ್ನು ಗುರುತಿಸಿದ ಮೊದಲ ಪ್ರತಿಕಾಯವನ್ನು ಯಾವ ಪ್ರಾಣಿಗೂ ಚುಚ್ಚಿ ಪಡೆದಿರಲಿಲ್ಲ. ರೋಗಿಗಳು ತಮ್ಮ ನೋವಿನೊಡನೆ ಹೊತ್ತು ತಂದಿದ್ದ ಪ್ರತಿಕಾಯ ಅದು. ಮೊಲದ ರಕ್ತವೇ ಏಕೈಕ ಮಾರ್ಗವೆಂಬ ಮಾತು ಈ ಪ್ರೋಟೀನಿನ ವಿಷಯದಲ್ಲಿ ಆರಂಭದಿಂದಲೇ ಸತ್ಯವಾಗಿರಲಿಲ್ಲ.

ಬೇರೆ ದಾರಿ ತೆರೆದ ಮೇಲೆ

ರೋಗಿಗಳ ರಕ್ತ ಎಲ್ಲ ಪ್ರೋಟೀನುಗಳಿಗೂ ದೊರೆಯಲಾರದು. ಆದರೆ 1985ರಲ್ಲಿ ಜಾರ್ಜ್ ಸ್ಮಿತ್ ತೋರಿಸಿದ ಮಾರ್ಗವೊಂದನ್ನು ಗ್ರೆಗರಿ ವಿಂಟರ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಪ್ರತಿಕಾಯಗಳಿಗೆ ಅಳವಡಿಸಿದರು. ಬ್ಯಾಕ್ಟೀರಿಯಾಗಳಿಗೆ ತಗುಲುವ ಅತಿಸೂಕ್ಷ್ಮ ವೈರಸ್ಸುಗಳ ಮೈಮೇಲೆ ಕೋಟಿಗಟ್ಟಲೆ ಬಗೆಯ ಪ್ರತಿಕಾಯದ ತುಂಡುಗಳನ್ನು ಮೂಡಿಸಿ, ಬೇಕಾದ ಪ್ರೋಟೀನಿಗೆ ಅಂಟುವುದನ್ನು ಆರಿಸಿ, ಅದರ ಜೀನನ್ನು ಇಟ್ಟುಕೊಂಡು ಪಾತ್ರೆಯಲ್ಲಿ ಬೇಕಾದಷ್ಟು ಉತ್ಪಾದಿಸುವುದೇ ಆ ವಿಧಾನ. 2018ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರೂ ಪಾಲುಗೊಂಡರು. 2020ರಲ್ಲಿ ಯುರೋಪ್ ಒಕ್ಕೂಟದ ಅಧಿಕೃತ ಪ್ರಯೋಗಾಲಯವು, ಪ್ರಾಣಿಗಳಿಂದ ಪಡೆಯದ ಪ್ರತಿಕಾಯಗಳು ಪ್ರಾಣಿಜನ್ಯವಾದವುಗಳ ಸ್ಥಾನವನ್ನು ತುಂಬಬಲ್ಲವೆಂದೂ, ಪ್ರತಿಕಾಯಕ್ಕಾಗಿ ಪ್ರಾಣಿಗಳನ್ನು ಬಳಸುವುದು ನಿಲ್ಲಬೇಕೆಂದೂ ಶಿಫಾರಸು ಮಾಡಿತು. ಈ ಶಿಫಾರಸನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಕೆಲವು ಬಗೆಯ ಪ್ರತಿಕಾಯಗಳಿಗೆ ಪ್ರಾಣಿಯ ಶರೀರವೇ ಉತ್ತಮವೆಂಬುದು ಅವರ ವಾದ. ಬ್ಯಾಕ್ಟೀರಿಯಾ ಮತ್ತು ಕೋಶಗಳನ್ನು ಬಳಸುವಲ್ಲಿಯೂ ಸೂಕ್ಷ್ಮ ಏಕೇಂದ್ರಿಯ ಹಿಂಸೆ ಇದೆಯೆಂಬುದನ್ನು ಶ್ರಾವಕನು ಮರೆಯಲಾರ. ಆದರೆ ಸಂಜ್ಞಿ ಪಂಚೇಂದ್ರಿಯವಾದ ಮೊಲಕ್ಕೂ ಏಕೇಂದ್ರಿಯಕ್ಕೂ ಇರುವ ಅಂತರವನ್ನು ಗೃಹಸ್ಥನ ಆಚಾರದಲ್ಲಿ ಆಚಾರ್ಯರೇ ಗುರುತಿಸಿಕೊಟ್ಟಿದ್ದಾರೆ.

ಇದರ ಜೊತೆಗೆ ಸತ್ಯದ ಪ್ರಶ್ನೆಯೊಂದು ಸೇರಿಕೊಂಡಿದೆ. ಮಾರಾಟವಾಗುವ ಪ್ರತಿಕಾಯಗಳಲ್ಲಿ ಹಲವು ತಾವು ಹಿಡಿಯುತ್ತೇವೆಂದು ಹೇಳಿಕೊಂಡ ಪ್ರೋಟೀನನ್ನು ಹಿಡಿಯುವುದೇ ಇಲ್ಲ. 65 ಪ್ರೋಟೀನುಗಳಿಗೆಂದು ಮಾರುವ 614 ಪ್ರತಿಕಾಯಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಗೊಂಡ ಅಂತರರಾಷ್ಟ್ರೀಯ ಅಧ್ಯಯನವೊಂದು, ಅವುಗಳಲ್ಲಿ ದೊಡ್ಡ ಪಾಲು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತುದನ್ನೂ, ಜೀನಿನಿಂದ ಉತ್ಪಾದಿಸಿದವು ಪ್ರಾಣಿಯ ರಕ್ತದಿಂದ ನೇರ ಪಡೆದವುಗಳಿಗಿಂತ ಮೇಲಾಗಿ ಕೆಲಸ ಮಾಡಿದುದನ್ನೂ ತೋರಿಸಿತು. ಹೀಗಾದರೆ ಮೊಲ ಸತ್ತದ್ದು ವ್ಯರ್ಥ, ಅದರಿಂದ ಹುಟ್ಟಿದ ಜ್ಞಾನವೂ ಮಿಥ್ಯೆ. ಪಿಎ-28ರ ಮೂರು ರೂಪಗಳು ಪರಸ್ಪರ ಹೋಲುವುದರಿಂದ, ಒಂದನ್ನು ಹಿಡಿಯಬೇಕಾದ ಪ್ರತಿಕಾಯ ಇನ್ನೊಂದನ್ನು ಹಿಡಿಯುತ್ತಿಲ್ಲವೆಂದು ಪರೀಕ್ಷಿಸದೆ ಬಳಸುವವನು ಅಹಿಂಸೆ, ಸತ್ಯ ಎರಡರಲ್ಲಿಯೂ ಎಡವುತ್ತಾನೆ.

ಲೋಭಕಷಾಯ ಇಲ್ಲಿ ಹೇಗೆ ಸೇರುತ್ತದೆಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಸಾಂತಾ ಕ್ರೂಜ್ ಬಯೋಟೆಕ್ನಾಲಜಿ ಎಂಬ ಸಂಸ್ಥೆ ಸಂಶೋಧನಾ ಪ್ರತಿಕಾಯಗಳ ಬಹುದೊಡ್ಡ ಮಾರಾಟಗಾರರಲ್ಲಿ ಒಂದಾಗಿತ್ತು. 2012ರಲ್ಲಿ ಸರ್ಕಾರದ ತಪಾಸಣಾಧಿಕಾರಿಗಳು, ತಮಗೆ ತಿಳಿಸದೆ ಇರಿಸಿದ್ದ ಒಂದು ಸ್ಥಳದಲ್ಲಿ 841 ಆಡುಗಳಿರುವುದನ್ನು ಕಂಡರು. ಆಡು ಮತ್ತು ಮೊಲಗಳ ಪಾಲನೆಯಲ್ಲಿ ಲೋಪಗಳ ಆರೋಪ ಬಂದಿತು. 2016ರಲ್ಲಿ ಸಂಸ್ಥೆಯು ಆರೋಪಗಳನ್ನು ಒಪ್ಪದೆ, ನಿರಾಕರಿಸಲೂ ಇಲ್ಲದೆ, 35 ಲಕ್ಷ ಡಾಲರ್ ದಂಡ ತೆತ್ತು ಪ್ರಾಣಿಗಳನ್ನು ಇಟ್ಟುಕೊಳ್ಳುವ ಪರವಾನಿಗೆಯನ್ನು ಬಿಟ್ಟುಕೊಟ್ಟಿತು. ಅದರ ಶೀಶೆಗಳು ಅಲ್ಲಿಯವರೆಗೆ ಜಗತ್ತಿನ ಅಸಂಖ್ಯ ಪ್ರಯೋಗಶಾಲೆಗಳಿಗೆ ಹೋಗಿದ್ದವು. ಕೊಂಡವರಲ್ಲಿ ಆಡುಗಳನ್ನು ನೋಡಿದವರು ಯಾರೂ ಇರಲಿಲ್ಲ.

ಕೊಳ್ಳುವವನ ಹೊಣೆ

ಭಾರತದ ಕಾನೂನು ಈ ದಿಕ್ಕಿನಲ್ಲಿ ಹಿಂದುಳಿದಿರಲಿಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಅಧಿನಿಯಮ ಬಂದಿತು. ಅದರಡಿ ಪ್ರಾಣಿಪ್ರಯೋಗಗಳ ನಿಯಂತ್ರಣಕ್ಕೆ ಸಮಿತಿಯ ವ್ಯವಸ್ಥೆ ಇದೆ. 1998ರ ನಿಯಮಗಳ ಮೇರೆಗೆ ಪ್ರಾಣಿಗಳನ್ನು ಬಳಸುವ ಪ್ರತಿಯೊಂದು ಸಂಸ್ಥೆಯೂ ನೀತಿಸಮಿತಿಯ ಅನುಮತಿ ಪಡೆಯಬೇಕು. ಆದರೆ ಈ ಕಾನೂನಿನ ಕಣ್ಣು ಇರುವುದು ಇಲ್ಲಿ ಸಾಕಿ ಇಲ್ಲಿ ಪ್ರಯೋಗಿಸುವ ಪ್ರಾಣಿಯ ಮೇಲೆ. ಹೊರದೇಶದಲ್ಲಿ ರಕ್ತ ಬಸಿದು ಶೀಶೆಯಲ್ಲಿ ತುಂಬಿ ಬಂದುದನ್ನು ಕೊಳ್ಳುವವನನ್ನು ಅದು ಪ್ರಶ್ನಿಸುವುದಿಲ್ಲ. ಕೃತ, ಕಾರಿತಗಳು ಕಾನೂನಿನ ವ್ಯಾಪ್ತಿಗೆ ಬಂದಿವೆ. ಅನುಮೋದನೆ ಹೊರಗೆ ಉಳಿದಿದೆ.

ಶ್ರಾವಕಾಚಾರ ಈ ಕೊರತೆಯನ್ನು ತುಂಬಬಲ್ಲುದು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೆಂಬುದೊಂದು. ಕಳ್ಳನು ತಂದ ವಸ್ತುವನ್ನು ಕೊಳ್ಳುವವನು ತಾನು ಕದಿಯಲಿಲ್ಲವೆಂದು ಹೇಳಿ ದೋಷದಿಂದ ಪಾರಾಗಲಾರನೆಂಬುದು ಅದರ ತಾತ್ಪರ್ಯ. ವ್ಯಾಪಾರಿಸಮುದಾಯಕ್ಕೆ ಆಚಾರ್ಯರು ಹಾಕಿಕೊಟ್ಟ ಈ ಗೆರೆ ವಸ್ತುವಿನ ಬೆಲೆಯನ್ನಷ್ಟೇ ಅಲ್ಲದೆ ಅದು ಬಂದ ದಾರಿಯನ್ನೂ ವಿಚಾರಿಸೆನ್ನುತ್ತದೆ. ಕಳವಿನ ಚಿನ್ನಕ್ಕೆ ಅನ್ವಯಿಸುವ ನ್ಯಾಯ ಜೀವಹರಣದಿಂದ ಬಂದ ಶೀಶೆಗೆ ಅನ್ವಯಿಸದೆಂದು ಹೇಳಲು ಕಾರಣ ಕಾಣದು. ಹಾಗೆಯೇ ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರಗಳು, ಅಂದರೆ ತೂಕದ ಮೋಸ ಮತ್ತು ಕಲಬೆರಕೆ, ಇದೇ ವ್ರತದ ಅತಿಚಾರಗಳು. ತೂಕ ಹೆಚ್ಚಲೆಂದು ಮೆಣಸಿನಕಾಯಿಗೆ ನೀರು ಚಿಮುಕಿಸುವವನು ಬೂಷ್ಟನ್ನು ಕರೆಯುತ್ತಾನೆ. ಬೂಷ್ಟು ವಿಷವನ್ನು ತರುತ್ತದೆ, ವಿಷದ ಶಂಕೆ ಪರೀಕ್ಷೆಯನ್ನು ಹೆಚ್ಚಿಸುತ್ತದೆ, ಪರೀಕ್ಷೆ ಪ್ರತಿಕಾಯವನ್ನು ಬೇಡುತ್ತದೆ. ಒಂದು ಅಣುವ್ರತದ ಭಂಗ ಇನ್ನೊಂದರ ಭಂಗಕ್ಕೆ ಹೇಗೆ ದಾರಿಯಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಚೆನ್ನಾಗಿ ಒಣಗಿದ ಕಾಯಿ, ತೇವವಿಲ್ಲದ ದಾಸ್ತಾನು, ನೆಲಕ್ಕೆ ತಾಗದಂತೆ ಹಾಸಿದ ತಾಡಪತ್ರಿ, ಇವು ಅಹಿಂಸೆಯ ಸಾಧನಗಳೇ.

ಇದರಿಂದ ಪರೀಕ್ಷೆಯನ್ನೇ ಕೈಬಿಡಬೇಕೆಂಬ ತೀರ್ಮಾನ ಬರುವುದಿಲ್ಲ. ವಿಷಯುಕ್ತ ಕಾಯಿಯನ್ನು ಪರೀಕ್ಷಿಸದೆ ಮಾರುವುದು ಮನುಷ್ಯಹಿಂಸೆ. ಹಾವು ಕಡಿದವನಿಗೆ ಪ್ರತಿವಿಷವನ್ನು ಕೊಡದಿರುವುದು ಕ್ರೌರ್ಯ. ಗೃಹಸ್ಥನಿಗೆ ಸಂಪೂರ್ಣ ತ್ಯಾಜ್ಯವಾದುದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಅವನಿಗೆ ವಿಧಿಸಿದ್ದು ಯತ್ನಾಚಾರ, ಎಂದರೆ ಪ್ರಮಾದವಿಲ್ಲದ ಎಚ್ಚರ. ಬೇರೆ ಮಾರ್ಗವಿಲ್ಲದಿದ್ದಾಗ ಅನಿವಾರ್ಯವಾಗಿದ್ದುದು, ಮಾರ್ಗ ತೆರೆದ ಮೇಲೂ ಅಭ್ಯಾಸಬಲದಿಂದ ಮುಂದುವರಿದರೆ ಪ್ರಮಾದವಾಗುತ್ತದೆ. 1890ರ ಕುದುರೆಗೂ ಇಂದಿನ ಮೊಲಕ್ಕೂ ನಡುವೆ ಇರುವ ನೈತಿಕ ಅಂತರ ಇದೇ.

ಜೈನಸಮಾಜದ ಕೈಯಲ್ಲಿ ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳಿವೆ. ವಿದ್ಯಾರ್ಥಿವೇತನ ಕೊಡುವ ಬಸದಿಯ ಟ್ರಸ್ಟುಗಳು ಜೀವವಿಜ್ಞಾನವನ್ನು ಓದುವ ಮಕ್ಕಳಿಗೆ ಪ್ರಾಣಿಜನ್ಯವಲ್ಲದ ಪ್ರತಿಕಾಯಗಳ ವಿಷಯವನ್ನು ತಿಳಿಸಬಹುದು. ಜೈನದಾನದಿಂದ ನಡೆಯುವ ಕಾಲೇಜು, ಆಸ್ಪತ್ರೆಗಳು ಕೊಳ್ಳುವ ಶೀಶೆಯ ಮೂಲವನ್ನು ವಿಚಾರಿಸಿ, ಜೀನಿನಿಂದ ಉತ್ಪಾದಿಸಿದ್ದು ದೊರೆಯುವಲ್ಲಿ ಅದನ್ನೇ ಕೊಳ್ಳುವ ನಿಯಮವನ್ನು ಮಾಡಿಕೊಳ್ಳಬಹುದು. ರಫ್ತಿನ ವ್ಯಾಪಾರಿಗಳು ಪರೀಕ್ಷಾಲಯವನ್ನು ಇದೇ ಪ್ರಶ್ನೆಯಿಂದ ಎಚ್ಚರಿಸಬಹುದು. ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳುವುದಿಲ್ಲ. ಪಾಂಜರಪೋಳಗಳಿಗೆ ಪ್ರತಿವರ್ಷ ದಾನ ಕೊಡುವ ಸಮಾಜವು, ರಕ್ತ ಕೊಟ್ಟು ಮುದಿಯಾದ ಕುದುರೆಗಳ ಗತಿಯೇನೆಂದು ಪ್ರತಿವಿಷ ತಯಾರಕರನ್ನು ಕೇಳುವುದರಲ್ಲಿ ತಪ್ಪಿಲ್ಲ, ಅವುಗಳಿಗೆ ಆಶ್ರಯ ಕೊಡಲು ಮುಂದಾಗುವುದು ಇನ್ನೂ ಉಚಿತ.

ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯರು ವೈದ್ಯರೊಡನೆ ವಾದಿಸಿದ್ದು ವೈದ್ಯವನ್ನು ನಿಲ್ಲಿಸಲು ಅಲ್ಲ, ಅದರ ಮಾರ್ಗವನ್ನು ಶುದ್ಧಗೊಳಿಸಲು. ಅದಕ್ಕಾಗಿ ಅವರು ವೈದ್ಯಶಾಸ್ತ್ರವನ್ನು ಪೂರ್ಣವಾಗಿ ಕಲಿತಿದ್ದರು. ಇಂದು ಆ ಕೆಲಸವನ್ನು ಮುಂದುವರಿಸಬೇಕಾದವರೂ ಪ್ರತಿಕಾಯವೆಂದರೇನು, ಅದು ಎಲ್ಲಿಂದ ಬರುತ್ತದೆ, ಅದರ ಬದಲಿಗೆ ಏನಿದೆ ಎಂಬುದನ್ನು ಮೊದಲು ಅರಿಯಬೇಕು. ಅರಿಯದೆ ಒಪ್ಪುವುದೂ ಅನುಮೋದನೆಯೇ.